ಮಂಜು ಎಲ್ಲ ಬೆಟ್ಟಕ್ಕೂ ಇಳಿಯುತ್ತದೆ

ದಸರಾ ರಜೆ ಬರಲಿ, ಕ್ರಿಸ್‌ಮಸ್ ರಜೆ ಬರಲಿ, ಶನಿವಾರ-ಭಾನುವಾರದ ಬೆನ್ನಿಗೆ ಒಂದು ಸರ್ಕಾರಿ ರಜೆ ಅಂಟಿಕೊಂಡರೂ ಸಾಕು, ಬೆಂಗಳೂರು ಮೈಸೂರಿನ ಹುಡುಗ ಹುಡುಗಿಯರ ಕಾರು ಬೈಕುಗಳು ಗುಂಡ್ಲುಪೇಟೆ ದಾಟಿ ಕೇರಳದ ವಯನಾಡಿನತ್ತ ಸಾಲುಗಟ್ಟುತ್ತವೆ. ಮನೆಯ ಹಿರಿಯರ ಜೊತೆಯಿಲ್ಲದೆ ರಾಜ್ಯದ ಗಡಿ ದಾಟುವುದು ಇವರಲ್ಲಿ ಎಷ್ಟೋ ಮಂದಿಗೆ ಅದೇ ಮೊದಲು. ಮುತ್ತಂಗ ಕಳೆಯುತ್ತಿದ್ದಂತೆ ಬೋರ್ಡುಗಳ ಲಿಪಿ ಬದಲಾಗುತ್ತದೆ, ಮಾತಿನ ಓಟ ಬದಲಾಗುತ್ತದೆ, ಊಟದ ಎಲೆಯ ಮೇಲಿನ ಅನ್ನವೂ ಬದಲಾಗುತ್ತದೆ. ಪರನಾಡಿಗೆ ಬಂದೆವು ಎಂಬ ಪುಳಕ ನಿಜವಾದದ್ದು, ಅದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಮರಳಿ ಬಂದವರ ಬರಹವನ್ನು ಓದಿದರೆ, ಮಾತನ್ನು ಕೇಳಿದರೆ, ಸಿಗುವುದು ಇಷ್ಟು: ಮಂಜು, ಹಸಿರು, ತಂಪು ಗಾಳಿ, ಜಲಪಾತ, ಚಹಾ ತೋಟ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ವಾಕ್ಯದಿಂದ ವಯನಾಡಿನ ಹೆಸರು ತೆಗೆದು ಮಡಿಕೇರಿ, ಮುನ್ನಾರ್ ಅಥವಾ ಊಟಿಯ ಹೆಸರು ಹಾಕಿ ನೋಡಿ, ವಾಕ್ಯಕ್ಕೆ ಏನೂ ಆಗುವುದಿಲ್ಲ. ಊರಿನ ಹೆಸರು ಬದಲಿಸಿದರೂ ಕದಲದೆ ನಿಲ್ಲುವ ಅನಿಸಿಕೆ ಆ ಊರಿನದ್ದಲ್ಲ. ಪ್ರವಾಸವನ್ನು ಒಂದು ಕಲೆಯಾಗಿ ಪ್ರೀತಿಸುವವರು ತಮ್ಮ ಮೊದಲ ಅನಿಸಿಕೆಯನ್ನು ಈ ಒಂದು ಪರೀಕ್ಷೆಗೆ ಒಡ್ಡಿ ನೋಡಬೇಕು ಎಂಬುದು ಈ ವಾರದ ನನ್ನ ವಾದ.

ಅನಿಸಿಕೆ ಹೀಗೆ ಸಪ್ಪೆಯಾಗುವುದಕ್ಕೆ ಹುಡುಗರ ಕಣ್ಣು ಕಾರಣವಲ್ಲ, ದಿನಚರಿಯ ಪಟ್ಟಿ ಕಾರಣ. ಬೆಳಿಗ್ಗೆ ಪೂಕೋಡ್ ಕೆರೆ, ಆಮೇಲೆ ಬಾಣಾಸುರ ಸಾಗರ, ಮಧ್ಯಾಹ್ನ ಎಡಕ್ಕಲ್, ಸಂಜೆ ಗಾಜಿನ ಸೇತುವೆ, ರಾತ್ರಿ ರೆಸಾರ್ಟಿನ ಬೆಂಕಿ. ನಡುವಿನ ಹೊತ್ತೆಲ್ಲ ಕಾರಿನೊಳಗೆ ಕಳೆಯುತ್ತದೆ. ಕಲ್ಪೆಟ್ಟ, ಮಾನಂದವಾಡಿ, ಸುಲ್ತಾನ್ ಬತ್ತೇರಿಗಳು ಈ ಪಟ್ಟಿಯಲ್ಲಿ ಬರುವುದು ಪೆಟ್ರೋಲ್ ಬಂಕು, ಎಟಿಎಂ, ಟ್ರಾಫಿಕ್ಕಿನ ತೊಡಕು ಎಂಬ ಲೆಕ್ಕದಲ್ಲಿ ಮಾತ್ರ. ವ್ಯೂ ಪಾಯಿಂಟ್ ಎಂದು ನಾವು ಕರೆಯುವ ಜಾಗವನ್ನು ಆರಿಸುವುದೇ ಅಲ್ಲಿಂದ ಮನೆ, ಅಂಗಡಿ, ದುಡಿಯುವ ಜನ ಕಾಣದಿರಲಿ ಎಂದು. ಹಾಗೆ ಮನುಷ್ಯರ ಗುರುತನ್ನೆಲ್ಲ ಒರೆಸಿದ ಮೇಲೆ ಉಳಿಯುವ ಇಳಿಜಾರು ಯಾವ ಬೆಟ್ಟದ್ದಾದರೂ ಆಗಬಹುದು. ಊರು ತನ್ನ ಗುಟ್ಟು ಬಿಟ್ಟುಕೊಡುವುದು ಪೇಟೆಯಲ್ಲಿ, ಬಸ್ ನಿಲ್ದಾಣದಲ್ಲಿ, ಗದ್ದೆಯ ಬದುವಿನಲ್ಲಿ. ಪ್ರವಾಸಿ ನಿಲ್ಲದ ಜಾಗಗಳು ಅವೇ.

ಸುಲ್ತಾನ್ ಬತ್ತೇರಿಯನ್ನೇ ನೋಡಿ. ಪೇಟೆಯಿಂದ ಕಾಲ್ನಡಿಗೆಯಲ್ಲೇ ತಲುಪಬಹುದಾದ ಜಾಗದಲ್ಲಿ ಒಂದು ಜೈನ ಬಸದಿ ಇದೆ. ಗರ್ಭಗುಡಿ, ಮಂಟಪ, ಸೂರು ಎಲ್ಲವೂ ಗ್ರಾನೈಟ್ ಕಲ್ಲು. ಕಂಬಗಳ ಮೇಲಿನ ಕೆತ್ತನೆ, ಚಪ್ಪಡಿ ಹಾಸಿದ ಮಾಡು, ಒಂದರ ಹಿಂದೊಂದು ಸೇರಿಕೊಂಡ ಮಂಟಪಗಳ ಅಳತೆ ನೋಡಿದರೆ ಹಂಪಿ, ಮೂಡುಬಿದಿರೆಗಳನ್ನು ಕಂಡ ಕನ್ನಡದ ಕಣ್ಣಿಗೆ ಇದು ಅಪರಿಚಿತವೆನಿಸುವುದೇ ಇಲ್ಲ. 13-14ನೇ ಶತಮಾನದ್ದೆಂದು ಅಂದಾಜಿಸಲಾದ ಈ ಕಟ್ಟಡವನ್ನು ಟಿಪ್ಪುವಿನ ಕಾಲದಲ್ಲಿ ಮದ್ದುಗುಂಡು ಇಡಲು ಬಳಸಿದರು, ಊರಿಗೆ ಈಗಿನ ಹೆಸರು ಬಂದದ್ದು ಅದರಿಂದ. ಈಗ ಇಲ್ಲಿ ಪೂಜೆಯಿಲ್ಲ, ಪುರಾತತ್ತ್ವ ಇಲಾಖೆಯ ರಕ್ಷಣೆಯಿದೆ. ಈ ಜೈನರ ಪರಂಪರೆ ಕಲ್ಲಿನಲ್ಲೇ ಮುಗಿದುಹೋಗಲಿಲ್ಲ. ಕಲ್ಪೆಟ್ಟದ ಹತ್ತಿರ ಪುಳಿಯಾರ್‌ಮಲದಲ್ಲಿ ಅನಂತನಾಥ ಸ್ವಾಮಿಯ ಬಸದಿ ಇದೆ, ಕರ್ನಾಟಕದ ಕಡೆಯಿಂದ ಬಂದು ನೆಲೆಸಿದ ಜೈನ ಗೌಡ ಮನೆತನಗಳಿವೆ. ಅಂಥ ಮನೆತನದ ಪದ್ಮಪ್ರಭ ಗೌಡರ ಮಗ ಎಂ.ಪಿ. ವೀರೇಂದ್ರಕುಮಾರ್ (1936-2020) ‘ಮಾತೃಭೂಮಿ’ ಪತ್ರಿಕೆಯನ್ನು ಮುನ್ನಡೆಸಿದರು, ಸಂಸದರಾದರು, ಹಿಮಾಲಯದ ಪ್ರವಾಸ ಕಥನ ‘ಹೈಮವತಭೂವಿಲ್’ ಬರೆದು 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಕನ್ನಡ ಮೂಲದ ಜೈನ ಮನೆಯೊಂದರಿಂದ ಮಲಯಾಳಂನ ದೊಡ್ಡ ಪ್ರವಾಸ ಲೇಖಕರೊಬ್ಬರು ಬಂದದ್ದು ಈ ನೆಲದಲ್ಲಿ. ಈ ಸಂಗತಿಯನ್ನು ಮುನ್ನಾರಿಗೆ ಅಂಟಿಸಲು ಬರುವುದಿಲ್ಲ.

ಹೊಳೆಯೂ ಇದನ್ನೇ ಹೇಳುತ್ತದೆ. ಕೇರಳದ 44 ನದಿಗಳಲ್ಲಿ ಪೂರ್ವಕ್ಕೆ ಹರಿಯುವುದು ಮೂರೇ: ಕಬಿನಿ, ಭವಾನಿ, ಪಾಂಬಾರ್. ಪನಮರಂ ಹೊಳೆಯೂ ಮಾನಂದವಾಡಿ ಹೊಳೆಯೂ ಕೂಡಿ ಕಬಿನಿಯಾಗಿ, ಗಡಿ ದಾಟಿ, ಬೀಚನಹಳ್ಳಿಯ ಅಣೆಕಟ್ಟಿನಲ್ಲಿ ನಿಂತು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಸೇರುತ್ತದೆ. ಪೂಕೋಡ್ ಕೆರೆಯಲ್ಲಿ ದೋಣಿ ಹತ್ತಿದವರು ತಮ್ಮ ಊರಿನ ನೀರಿನ ಮೂಲದ ಮೇಲೆಯೇ ತೇಲುತ್ತಿರುತ್ತಾರೆ. ಜನರೂ ಹೀಗೆ ಗಡಿಯ ಎರಡೂ ಬದಿಗೆ ಹರಡಿಕೊಂಡವರು. 2011ರ ಜನಗಣತಿಯ ಪ್ರಕಾರ ಜಿಲ್ಲೆಯ 8.17 ಲಕ್ಷ ಜನರಲ್ಲಿ ಶೇ 18.5ರಷ್ಟು ಪರಿಶಿಷ್ಟ ಪಂಗಡದವರು, ಕೇರಳದ ಬೇರಾವ ಜಿಲ್ಲೆಯಲ್ಲೂ ಈ ಪ್ರಮಾಣ ಇಲ್ಲ. ನಾವು ಜೇನು ಕುರುಬರೆಂದು ಕರೆಯುವವರು ಅಲ್ಲಿ ಕಾಟ್ಟುನಾಯಕರು, ಅವರ ಮಾತು ಕನ್ನಡಕ್ಕೆ ತೀರ ಹತ್ತಿರ. ಕೊಡಗಿನ ಯರವರ ಬಳಗದವರು ಅಲ್ಲಿ ಅಡಿಯರು. ಬ್ರಹ್ಮಗಿರಿಯ ಮಡಿಲಿನ ತಿರುನೆಲ್ಲಿ ದೇವಸ್ಥಾನಕ್ಕೆ, ಪಾಪನಾಶಿನಿಯಲ್ಲಿ ಪಿತೃಕಾರ್ಯ ಮಾಡಲು ಕೊಡಗಿನಿಂದ ಜನ ತಲೆಮಾರುಗಳಿಂದ ಹೋಗುತ್ತಿದ್ದಾರೆ. ಅದೇ ಬೆಟ್ಟದ ಆಚೆ ಮಗ್ಗುಲಲ್ಲಿ ನಮ್ಮ ಇರ್ಪು ಜಲಪಾತವಿದೆ. 1940ರ ದಶಕದಿಂದ ತಿರುವಾಂಕೂರಿನ ಕ್ರೈಸ್ತ ರೈತರು ಘಟ್ಟ ಹತ್ತಿ ಬಂದು ಕಾಡು ಕಡಿದು ಬೇಸಾಯ ಮಾಡಿದರು, ಅವರ ಬವಣೆಯನ್ನು ಎಸ್.ಕೆ. ಪೊಟ್ಟೆಕ್ಕಾಟ್ ‘ವಿಷಕನ್ಯಕಾ’ ಕಾದಂಬರಿಯಲ್ಲಿ ಬರೆದರು. ತಿರುನೆಲ್ಲಿಯ ಅಡಿಯರ ಜೀತದ ಬದುಕನ್ನು ಪಿ. ವತ್ಸಲಾ ‘ನೆಲ್ಲು’ವಿನಲ್ಲಿ ತೆರೆದಿಟ್ಟರು. ಒಂದೇ ಬಸ್ಸಿನಲ್ಲಿ ಈ ಎಲ್ಲರ ಮೊಮ್ಮಕ್ಕಳು ಕೂತಿರುತ್ತಾರೆ. ನಮಗೆ ಪರನಾಡು, ಆದರೂ ಅರ್ಧ ನಮ್ಮದೇ ಎನಿಸುವ ಊರು ಇದು. ವಯನಾಡು ಕನ್ನಡದ ಪ್ರವಾಸಿಗೆ ಕೊಡುವ, ಬೇರೆ ಗಿರಿಧಾಮಗಳು ಇಷ್ಟು ಧಾರಾಳವಾಗಿ ಕೊಡಲಾರದ ಅನುಭವ ಅದೇ.

ಇಷ್ಟೆಲ್ಲ ಓದಿಕೊಂಡು ಹೋದರೆ ನೋಟದ ತಾಜಾತನ ಉಳಿಯುತ್ತದೆಯೇ ಎಂದು ಕೇಳುವವರಿದ್ದಾರೆ. ಏನೂ ತಿಳಿಯದೆ ಹೋದವನಿಗೆ ಸಿಗುವ ಬೆರಗೇ ಬೆರಗು ಎಂಬುದು ಅವರ ನಂಬಿಕೆ. ಇದಕ್ಕೆ ಎಡಕ್ಕಲ್ ಉತ್ತರ ಕೊಡುತ್ತದೆ. ಅಂಬುಕುತ್ತಿ ಬೆಟ್ಟದ ಆ ಜಾಗ ನಿಜವಾಗಿ ಗವಿಯಲ್ಲ, ಎರಡು ಬಂಡೆಗಳ ಸೀಳಿನ ಮೇಲೆ ದೊಡ್ಡ ಕಲ್ಲೊಂದು ಬಿದ್ದು ಸಿಕ್ಕಿಕೊಂಡು ಸೂರಾಗಿದೆ. ಗೋಡೆಯಲ್ಲಿ ನವಶಿಲಾಯುಗದ್ದೆನ್ನುವ ಕೊರೆದ ಚಿತ್ರಗಳಿವೆ: ತಲೆಯ ಮೇಲೆ ದೊಡ್ಡ ಮುಡಿ ಹೊತ್ತ ಮನುಷ್ಯಾಕೃತಿಗಳು, ಪ್ರಾಣಿಗಳು, ಚಕ್ರಗಳು, ಜೊತೆಗೆ ಎಷ್ಟೋ ಕಾಲದ ನಂತರ ಕೆತ್ತಿದ ಬ್ರಾಹ್ಮೀ ಬರಹಗಳು. ಏನೂ ತಿಳಿಯದೆ ಹೋದವರು ಆ ಗೋಡೆಯ ಎದುರು ನಿಂತು ಗೀರುಗಳನ್ನಷ್ಟೇ ಕಂಡು, ಮೆಟ್ಟಿಲು ಹತ್ತಿದ ಆಯಾಸವನ್ನೇ ಹೆಚ್ಚು ನೆನಪಿಟ್ಟುಕೊಳ್ಳುತ್ತಾರೆ. 1890ರ ದಶಕದಲ್ಲಿ ಮಲಬಾರಿನ ಪೊಲೀಸ್ ಅಧಿಕಾರಿಯಾಗಿದ್ದ ಫ್ರೆಡ್ ಫಾಸೆಟ್ ಇದೇ ಗೋಡೆಯನ್ನು ಹೊರಜಗತ್ತಿಗೆ ಪರಿಚಯಿಸಿದರು. ಅವರೂ ಪರದೇಶಿಯೇ. ಆದರೆ ಸ್ಥಳೀಯ ಬುಡಕಟ್ಟಿನ ಜನರನ್ನು ಕೇಳಿ, ಅವರ ನೆರವಿನಿಂದ ಹುಡುಕಿದರು. ತಿಳಿದವರಿಗೆ ಬೆರಗು ಕಡಿಮೆಯಾಗುತ್ತದೆ ಎನ್ನುವವರು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಪುಸ್ತಕವನ್ನೂ ನೆನೆಯಬೇಕು. ಕಾಲೇಜು ವಿದ್ಯಾರ್ಥಿಗಳ ಜೊತೆ ಸಸ್ಯಗಳನ್ನು ಅರಸಿ ಕಾಡು ಸುತ್ತಿದ ಆ ಕಥನಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರಲ್ಲಿ ಗಿಡದ ಶಾಸ್ತ್ರವೂ ಹುಡುಗರ ಹುಡುಗಾಟವೂ ಒಂದೇ ಪುಟದಲ್ಲಿ ಇರುತ್ತವೆ, ಒಂದು ಇನ್ನೊಂದನ್ನು ಕೆಡಿಸುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ನ್ಯಾಯವಾದದ್ದು. ವಾರವಿಡೀ ದುಡಿದು ದಣಿದವರಿಗೆ ಸಿಕ್ಕ ಎರಡು ದಿನದ ರಜೆಯಲ್ಲಿ ಪಾಠ ಏಕೆ? ಒಪ್ಪೋಣ. ರೆಸಾರ್ಟಿನಲ್ಲಿ ಎರಡು ದಿನ ಮಲಗಿ ಎದ್ದು ಬರುವುದು ತಪ್ಪಲ್ಲ, ದಣಿದ ದೇಹಕ್ಕೆ ಅದೂ ಬೇಕು. ನನ್ನ ಮಾತು ವಯನಾಡು ನೋಡಿ ಬಂದೆ ಎನ್ನುವವರಿಗೆ. ಅವರಿಗೂ ಇದು ಹೆಚ್ಚು ದಿನ ಕೇಳುವ ಕೆಲಸವಲ್ಲ, ಪಟ್ಟಿಯಿಂದ ಮೂರು ಜಾಗ ತೆಗೆದುಹಾಕುವ ಕೆಲಸ. ಒಂದು ಪೇಟೆಯಲ್ಲಿ ಉಳಿದುಕೊಳ್ಳಿ. ಮಾನಂದವಾಡಿಯಿಂದ ತಿರುನೆಲ್ಲಿಗೆ ಬಸ್ಸಿನಲ್ಲಿ ಹೋಗಿ, ಕಿಟಕಿಯ ಪಕ್ಕ ಕೂತು ನೆಲವನ್ನು ಓದಿ. ಇಳಿಜಾರಿನಲ್ಲಿ ಕಾಫಿ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ತಗ್ಗಿನ ಚಪ್ಪಟೆ ನೆಲದಲ್ಲಿ ಗದ್ದೆ. ಆ ಗದ್ದೆಯಲ್ಲಿ ಭತ್ತದ ಬದಲು ಬಾಳೆಯೋ ಅಡಿಕೆಯೋ ನಿಂತಿದ್ದರೆ, ಅಲ್ಲಿ ಭತ್ತದ ಲೆಕ್ಕ ಕೂಡಿಬರಲಿಲ್ಲ ಎಂದೇ ಅರ್ಥ. ಶುಂಠಿ ಬೆಳೆಯಲು ನೆಲ ಸಾಲದೆ ಇಲ್ಲಿನ ರೈತರು ಎಚ್.ಡಿ. ಕೋಟೆ, ಹುಣಸೂರು, ಕೊಡಗಿನಲ್ಲಿ ಗುತ್ತಿಗೆಗೆ ಜಮೀನು ಹಿಡಿಯುವುದನ್ನು ನಾವು ನಮ್ಮ ಕಡೆಯಿಂದ ನೋಡಿದ್ದೇವೆ, ಅದರ ಕಾರಣ ಈ ಕಿಟಕಿಯಿಂದ ಕಾಣುತ್ತದೆ. ಊಟಕ್ಕೆ ಗಂಧಕಸಾಲೆ ಅಕ್ಕಿ ಸಿಗುತ್ತದೆಯೇ ವಿಚಾರಿಸಿ. ಪುಟ್ಟ ಕಾಳು, ಬೇಯುವಾಗಲೇ ಮನೆ ತುಂಬುವ ಪರಿಮಳ. ಜೀರಕಸಾಲೆಯ ಜೊತೆಗೆ ಅದಕ್ಕೆ 2010ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ಸಿಕ್ಕಿದೆ. ಮಾನಂದವಾಡಿ ಬಳಿಯ ಕಮ್ಮನದ ರೈತ ಚೆರುವಯಲ್ ರಾಮನ್ ಐವತ್ತಕ್ಕೂ ಹೆಚ್ಚು ನಾಟಿ ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದು 2023ರಲ್ಲಿ ಪದ್ಮಶ್ರೀ ಪಡೆದದ್ದು ಯಾಕೆ ದೊಡ್ಡ ಮಾತು ಎಂಬುದು ಆ ತುತ್ತಿನೊಂದಿಗೆ ಮನದಟ್ಟಾಗುತ್ತದೆ. ಇದರಲ್ಲಿ ದಣಿವಾಗುವಂಥದ್ದು ಏನೂ ಇಲ್ಲ.

ಪ್ರವಾಸಿಗರು ಹೇಗೆ ನೋಡಿದರೇನು, ಬಂದು ಹಣ ಖರ್ಚು ಮಾಡಿದರೆ ಜಿಲ್ಲೆಗೆ ಅಷ್ಟೇ ಸಾಕು ಎಂಬ ವಾದವೂ ಇದೆ. ಜೀಪು ಓಡಿಸುವವರು, ಹೋಂಸ್ಟೇ ನಡೆಸುವವರು, ಬೀದಿ ಬದಿಯಲ್ಲಿ ಜೋಳ ಸುಡುವವರು ಬದುಕುವುದು ಈ ಹಣದಿಂದಲೇ, ಅದನ್ನು ಅಲ್ಲಗಳೆಯಲಾಗದು. ಆದರೆ ಸಪ್ಪೆ ಅನಿಸಿಕೆಗೂ ಬೆಲೆ ತೆರಬೇಕಾಗುತ್ತದೆ, ಅದನ್ನು ತೆತ್ತವರು ಈ ಜನರೇ. 2024ರ ಜುಲೈ 30ರ ನಸುಕಿನಲ್ಲಿ ಮೇಪ್ಪಾಡಿ ಪಂಚಾಯಿತಿಯ ಮುಂಡಕೈ, ಚೂರಲ್‌ಮಲದ ಮೇಲೆ ಗುಡ್ಡ ಕುಸಿದು 250ಕ್ಕೂ ಹೆಚ್ಚು ಜನ ಸತ್ತರು. ಚಾಮರಾಜನಗರ, ಮಂಡ್ಯ ಜಿಲ್ಲೆಗಳ ಮೂಲದವರೂ ಅವರಲ್ಲಿದ್ದರು. ಕರ್ನಾಟಕ ಸರ್ಕಾರ 100 ಮನೆ ಕಟ್ಟಿಸಿಕೊಡುವುದಾಗಿ ಪ್ರಕಟಿಸಿತು. ದುರಂತ ನಡೆದದ್ದು ಒಂದು ಕಣಿವೆಯಲ್ಲಿ. ಪ್ರವಾಸಿಗರು ಮಾತ್ರ ಇಡೀ ಜಿಲ್ಲೆಯಿಂದ ತಿಂಗಳುಗಟ್ಟಲೆ ದೂರ ಉಳಿದರು. ಅಲ್ಲಿಂದ ಬಹಳ ದೂರದ ತಿರುನೆಲ್ಲಿ, ಬತ್ತೇರಿಗಳ ಜನರೂ ಗಿರಾಕಿಯಿಲ್ಲದೆ ಕೂತರು. ಮನಸ್ಸಿನಲ್ಲಿ ವಯನಾಡೆಂದರೆ ಮಂಜು ಕವಿದ ಒಂದೇ ಹಸಿರು ಗುಡ್ಡವಾಗಿದ್ದವರಿಗೆ ಆ ಗುಡ್ಡವೇ ಕುಸಿಯಿತು ಎನಿಸಿದ್ದು ಸಹಜ. ಮೇಪ್ಪಾಡಿ ಬೇರೆ, ಪನಮರಂ ಬೇರೆ ಎಂದು ಕಣ್ಣಾರೆ ತಿಳಿದವರು ಹಾಗೆ ಹಿಂಜರಿಯುತ್ತಿರಲಿಲ್ಲ. ಅದಷ್ಟೇ ಅಲ್ಲ, ಇಳಿಜಾರನ್ನು ಜನ ಬದುಕುವ ಜಾಗವೆಂದು ನೋಡಿ ಬಂದವರು ಅಂಥ ಇಳಿಜಾರಿನ ಮೇಲೆ ಇನ್ನೊಂದು ರೆಸಾರ್ಟು ಬೇಕೇ ಎಂಬ ಪ್ರಶ್ನೆಯನ್ನು ತಮ್ಮ ಕೊಠಡಿ ಕಾದಿರಿಸುವಾಗಲೇ ಕೇಳಿಕೊಳ್ಳುತ್ತಾರೆ.

ಈ ವಾದ ಇನ್ನೂ ಅತಿಯೆನಿಸಿದರೆ ಗಡಿಯ ಈಚೆಗೆ ನಿಂತು ನೋಡಿ. ಮಳೆಗಾಲದಲ್ಲಿ ಗುಂಡ್ಲುಪೇಟೆಯ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡು ಹೂ ಅರಳಿದಾಗ ಕೇರಳದ ತರುಣ ತರುಣಿಯರು ಗುಂಪು ಗುಂಪಾಗಿ ಬರುತ್ತಾರೆ. ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿ, ಹೂವಿನ ನಡುವೆ ನಿಂತು ಫೋಟೊ ತೆಗೆಸಿಕೊಂಡು, ಹಾಗೆಯೇ ಘಟ್ಟದ ಕಡೆ ತಿರುಗುತ್ತಾರೆ. ಅವರ ಪಾಲಿಗೆ ಕರ್ನಾಟಕವೆಂದರೆ ಆ ಹಳದಿ ಹೊಲ. ಸೂರ್ಯಕಾಂತಿ ಎಣ್ಣೆಗೆ, ಚೆಂಡು ಹೂ ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ, ಬೆಲೆ ಬಿದ್ದ ವರ್ಷ ರೈತ ಏನಾಗುತ್ತಾನೆ, ಅವರ ಓಣಂ ಊಟದ ತರಕಾರಿ ಇದೇ ಊರಿನ ಮಾರುಕಟ್ಟೆಯಿಂದ ಹೋಗುತ್ತದೆ ಎಂಬುದೆಲ್ಲ ಆ ಚಿತ್ರದ ಹೊರಗೆ ಉಳಿಯುತ್ತದೆ. ಅವರು ನಮ್ಮನ್ನು ಇಷ್ಟೇ ನೋಡಿದರಲ್ಲ ಎಂದು ನಮಗೆ ಅನ್ನಿಸಿದರೆ, ನಾವು ಅವರನ್ನು ಎಷ್ಟು ನೋಡಿದೆವು ಎಂದು ಕೇಳಿಕೊಳ್ಳುವುದು ನ್ಯಾಯ.

ತರುಣರ ಮೊದಲ ಅನಿಸಿಕೆಗೆ ನಾನು ಇಷ್ಟು ಮಹತ್ವ ಕೊಡುವುದಕ್ಕೆ ಇನ್ನೊಂದು ಕಾರಣವಿದೆ. ನೆರೆಯ ರಾಜ್ಯದ ಬಗ್ಗೆ ಇಪ್ಪತ್ತರ ವಯಸ್ಸಿನಲ್ಲಿ ಮೂಡಿದ ಚಿತ್ರವನ್ನು ನಲವತ್ತರಲ್ಲಿ ಬದಲಿಸುವುದು ಕಷ್ಟ. ಎರಡು ರಾಜ್ಯಗಳ ನಡುವಿನ ತಕರಾರುಗಳಲ್ಲೂ ಆ ಚಿತ್ರವೇ ಮುಂದೆ ಬಂದು ನಿಲ್ಲುತ್ತದೆ. ವಯನಾಡಿಗೆ ಹೋಗುವ ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಆ ನಿಷೇಧ ಉಳಿಯಬೇಕು, ಹುಲಿ ಆನೆಗಳ ಕಾಡಿಗೆ ಅಷ್ಟು ಹೊತ್ತಿನ ನೆಮ್ಮದಿಯಾದರೂ ಬೇಕು ಎಂಬುದು ನನ್ನ ನಿಲುವು. ಆದರೆ ಆ ನಿಲುವನ್ನು ಹೇಳುವಾಗ, ಒಂದು ಕಡೆ ತಾಮರಶ್ಶೇರಿ ಘಾಟಿಯ ಒಂಬತ್ತು ಹೇರ್‌ಪಿನ್ ತಿರುವು, ಇನ್ನೊಂದು ಕಡೆ ಮುಚ್ಚಿದ ಗೇಟು, ಇವುಗಳ ನಡುವೆ ಬದುಕುವ ಬತ್ತೇರಿಯ ವ್ಯಾಪಾರಿಯ, ಬೆಂಗಳೂರಿನಲ್ಲಿ ಓದುವ ಅಲ್ಲಿನ ವಿದ್ಯಾರ್ಥಿಯ ಕಷ್ಟ ನಮ್ಮ ಎಣಿಕೆಯಲ್ಲಿ ಇರಬೇಕು. ಕಬಿನಿಯ ನೀರಿನ ಮಾತು, ಶುಂಠಿ ಬೇಸಾಯದ ತಕರಾರು, ಊರಿಗೆ ನುಗ್ಗುವ ಆನೆಯ ಸಮಸ್ಯೆ, ಎಲ್ಲವೂ ಎರಡೂ ರಾಜ್ಯಗಳು ಕೂಡಿ ಬಗೆಹರಿಸಬೇಕಾದವು. ನಾಳೆ ಆ ಮೇಜಿನ ಸುತ್ತ ಕೂರುವವರು, ಅವರನ್ನು ಚುನಾಯಿಸುವವರು ಇಂದು ರಜೆಗೆ ಹೊರಟ ಈ ಹುಡುಗ ಹುಡುಗಿಯರೇ. ಅವರು ಒಂದು ಪೇಟೆಯನ್ನು ಸರಿಯಾಗಿ ನೋಡಿ ಬಂದರೆ ಆ ಮಾತುಕತೆ ಈಗಿನದಕ್ಕಿಂತ ಹದವಾಗಿ ನಡೆಯುತ್ತದೆ ಎಂದು ನಾನು ದೃಢವಾಗಿ ನಂಬುತ್ತೇನೆ.