ಬೀಸುಕಲ್ಲಿನ ಓವಿಯೂ ಕ್ರಿಸ್ತಪುರಾಣವೂ

ವಾಚನಾಲಯದ ಪುಸ್ತಕಕ್ಕೆ ಒಂದು ವಿಮರ್ಶೆ ಬರೆದುಕೊಡ್ರಿ ಅಂತ ಮಾಸ್ತರರು ಕೇಳಿದರು. ನಾನು ಏಳನೇತ್ತೆ ಮುಗಿಸಿ ನೇಗಿಲು ಹಿಡಿದವ. ಪುಸ್ತಕ ಅಳೆಯೋ ಮಾಪು ನನ್ನ ಹತ್ತಿರ ಇರೋದು ಒಂದೇ, ಹಾಡಿ ನೋಡೋದು. ಕ್ರಿಸ್ತಪುರಾಣ ಅನ್ನೋ ಗೋವೆಯ ಹಳೇ ಗ್ರಂಥವನ್ನು ಆ ಮಾಪಿನಿಂದಲೇ ಅಳೆದಿದ್ದೀನಿ. ತಪ್ಪಿದ್ದಲ್ಲಿ ತಿಳಿದವರು ತಿದ್ದಬೇಕು.

ಬರೆದವರು ಥಾಮಸ್ ಸ್ಟೀಫನ್ಸ್, ಇಂಗ್ಲೆಂಡಿನಿಂದ ಬಂದ ಜೆಸ್ವಿತ್ ಪಾದ್ರಿ. 1579ರಲ್ಲಿ ಗೋವೆಗೆ ಬಂದರು, ಸುಮಾರು 40 ವರ್ಷ ಹೆಚ್ಚಾಗಿ ಸಾಷ್ಟಿ ಸೀಮೆಯಲ್ಲೇ ದುಡಿದು 1619ರಲ್ಲಿ ತೀರಿಕೊಂಡರು. ಪುಸ್ತಕ 1616ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಭಾಷೆ ಮರಾಠಿ, ನಡುನಡುವೆ ಕೊಂಕಣಿ. ಮೊದಲನೇ ಭಾಗದಲ್ಲಿ ಜಗತ್ತು ಹುಟ್ಟಿದ್ದು ಮೊದಲ್ಗೊಂಡು ಹಳೇ ಒಡಂಬಡಿಕೆಯ ಕಥೆ, ಎರಡನೇದರಲ್ಲಿ ಯೇಸುಸ್ವಾಮಿಯ ಕಥೆ. ಒಟ್ಟು ಸುಮಾರು 11,000 ಓವಿ. ಇಲ್ಲಿಯ ಅಕ್ಷರದಲ್ಲೇ ಅಚ್ಚು ಹಾಕಿಸಬೇಕು ಅಂತ ಪಾದ್ರಿಗಳಿಗೆ ಆಸೆಯಿತ್ತು. ಅಪ್ಪಣೆ ಕೇಳಿ 1608ರಲ್ಲಿ ರೋಮಿನ ಹಿರಿಯರಿಗೆ ಪತ್ರ ಬರೆದಿದ್ದರು. ಅದು ಆಗಲಿಲ್ಲ, ರೋಮನ್ ಅಕ್ಷರದಲ್ಲಿ ಅಚ್ಚಾಯಿತು. ಆಗಿನ ಅಚ್ಚಿನ ಪ್ರತಿ ಒಂದೂ ಉಳಿದಿಲ್ಲ. ಕೈಬರಹದಲ್ಲಿ ಉಳಿದದ್ದನ್ನು ಹಿಡಿದು 1907ರಲ್ಲಿ ಮಂಗಳೂರಿನಲ್ಲಿ ಜೋಸೆಫ್ ಸಲ್ಡಾನ್ಹ ಅವರು ಮತ್ತೆ ಅಚ್ಚು ಮಾಡಿಸಿದರು.

ಈಗ ಹಾಡಿನ ಮಾತು. ಓವಿ ಅಂದರೆ ಹೊಸದೇನಲ್ಲ. ನಮ್ಮ ಕಡೆ ಹೆಣ್ಮಕ್ಕಳು ಬೀಸುವಾಗ ತ್ರಿಪದಿ ಹಾಡತಾರಲ್ಲ, ಘಟ್ಟದ ಕೆಳಗೆ ಮರಾಠಿ, ಕೊಂಕಣಿ ಹೆಣ್ಮಕ್ಕಳು ಓವಿ ಹಾಡತಾರ. ತ್ರಿಪದಿಗೆ ಮೂರು ಸಾಲು, ಸಾಲಿನ ಮೊದಲಲ್ಲಿ ಪ್ರಾಸ. ಪುರಾಣದ ಓವಿಗೆ ನಾಲ್ಕು ಸಾಲು, ಮೊದಲ ಮೂರರ ಕೊನೆಗೆ ಪ್ರಾಸ, ನಾಲ್ಕನೇದು ಗಿಡ್ಡಾಗಿ ಬಂದು ನಿಲ್ಲತದ. ಕಲ್ಲು ಒಂದು ಸುತ್ತು ಬಂದು ಕೈಗೆ ಸಿಕ್ಕಂಗ. ನಮ್ಮ ಹಿರಿಯರು ಸಾಷ್ಟಿಯಿಂದ ಘಟ್ಟ ಹತ್ತಿ ಬಂದವರು. ನಮ್ಮವ್ವ ಕೊಂಕಣಿ ಓವಿಯನ್ನೂ ಕನ್ನಡ ತ್ರಿಪದಿಯನ್ನೂ ಒಂದೇ ಕಲ್ಲಿನ ಮುಂದೆ ಹಾಡತಿದ್ದಳು. ಹಂಗಾಗಿ ಈ ಪುರಾಣದ ಒಂದು ಪುಟ ಹಾಡಿದ ಕೂಡಲೇ ನನ್ನ ಕೈ ತಾನಾಗೇ ತಾಳ ಹಾಕಿತು. ದೂರದ ದೇಶದಿಂದ ಬಂದವರು ನಮ್ಮ ಅಡಿಗೆಮನೆಯ ಮೂಲೆಯಲ್ಲಿದ್ದ ದಾಟಿಯನ್ನು ದೇವರ ಕಥೆಗೆ ಹಿಡಿದರು. ಮರಾಠಿಯನ್ನು ಬಾಯ್ತುಂಬ ಹೊಗಳಿದ್ದಾರ, ಸ್ವರ್ಗಕ್ಕೆ ವೈಕುಂಠ ಅಂತಲೇ ಕರೆದಿದ್ದಾರ. ಇದು ಅವರ ದೊಡ್ಡಸ್ತಿಕೆ. ಕೊಂಕಣಿಗೆ ಅವರು ಬರೆದ ವ್ಯಾಕರಣ ಅವರು ತೀರಿಕೊಂಡ ಮೇಲೆ 1640ರಲ್ಲಿ ಅಚ್ಚಾಯಿತು. ಅದರಲ್ಲಿ ಆ ಭಾಷೆಗಿರೋ ಹೆಸರು 'ಕಾನಾರಿಂ'. ನಮ್ಮ ಹೆಸರಿಗೆ ಎಷ್ಟು ಹತ್ತಿರ ನೋಡ್ರಿ.

ಆದರೆ ಹೊಗಳಿ ಸುಮ್ಮನಾದರೆ ವಿಮರ್ಶೆ ಆಗೂದಿಲ್ಲ. ಇದು ಯಾಕೆ ಹುಟ್ಟಿತು ಅನ್ನೋದನ್ನು ಪುರಾಣವೇ ಮೊದಲಲ್ಲಿ ಹೇಳತದ. ಹೊಸದಾಗಿ ಕ್ರೈಸ್ತರಾದವರಲ್ಲಿ ಒಬ್ಬ ಪಾದ್ರಿಯ ಹತ್ತಿರ ಬಂದು, ನಮ್ಮ ಹಳೇ ಪುರಾಣ ಓದಬ್ಯಾಡ ಅಂತೀರಿ, ಅದರ ಬದಲಿಗೆ ನಮ್ಮ ಭಾಷೆಯಲ್ಲಿ ಒಂದು ಪುರಾಣ ಕೊಡ್ರಿ ಅಂತ ಕೇಳತಾನ. ಈ ಮಾತು ಓದಿದಾಗ ನನಗೆ ಸಂಕಟವಾಯಿತು. ಕಿತ್ತುಕೊಂಡವರ ಹತ್ತಿರವೇ ಹೋಗಿ ಅವನು ಕೇಳಬೇಕಾಯಿತು. 1567ರಲ್ಲಿ ಸಾಷ್ಟಿಯ ಗುಡಿಗಳನ್ನು ಕೆಡವಿದ್ದರು. 1583ರಲ್ಲಿ ಕುಂಕೊಳ್ಳಿಯ ಜನ ಸಿಟ್ಟಿಗೆದ್ದು ಐವರು ಜೆಸ್ವಿತರನ್ನು ಕೊಂದರು. ಆಮೇಲೆ ಪೋರ್ಚುಗೀಸರು ಊರ ಮುಖಂಡರನ್ನು ಮಾತಿಗೆ ಅಂತ ಅಸ್ಸೋಳ್ಣೆ ಕೋಟೆಗೆ ಕರೆದು ಕೊಂದರು. ಸತ್ತ ಪಾದ್ರಿಗಳ ಹೆಣ ತಂದು ಮಣ್ಣು ಮಾಡಿಸಿದ್ದರಲ್ಲಿ ಈ ಸ್ಟೀಫನ್ಸರೇ ಮುಂದಿದ್ದರು. ಇಷ್ಟೆಲ್ಲ ಕಂಡ ಕಣ್ಣು ಅವು. ಆದರೂ ಗ್ರಂಥದಲ್ಲಿ ಜನರ ಹಳೇ ದೇವರುಗಳ ಮೇಲೆ ಹೀಗಳಿಕೆಯ ಮಾತು ಬರತಾವ. ಬೀಸುಕಲ್ಲಿನ ಓವಿಯಲ್ಲಿ ಹಾಡುವವಳ ಸ್ವಂತ ದುಃಖ ಇರತದ, ಯಾರನ್ನೂ ಹೆದರಿಸೋ ಹಂಗ ಇರೂದಿಲ್ಲ. ಹಿಂದೆ ಸಿಪಾಯಿ ನಿಂತಿರುವಾಗ ಎದುರಿನವನ ದೇವರನ್ನು ಸುಳ್ಳು ಅಂತ ಹಾಡಿದರೆ, ದಾಟಿ ನಮ್ಮದೇ ಆದರೂ ದನಿ ಸರಕಾರದ್ದಾಗತದ. ಯೇಸುಸ್ವಾಮಿ ಹೇಳಿಕೊಟ್ಟ ಕೆಲಸ ಇದಲ್ಲ ಅಂತ ಅವರ ಭಕ್ತನಾಗಿಯೇ ನಾನು ಹೇಳತೀನಿ.

ಮುಂದಿನದು ಇನ್ನೂ ವಿಚಿತ್ರ. ಅದೇ ಸರಕಾರ 1684ರಲ್ಲಿ ಆಜ್ಞೆ ಹೊರಡಿಸಿತು: ಮೂರು ವರ್ಷದೊಳಗೆ ಎಲ್ಲರೂ ಪೋರ್ಚುಗೀಸ್ ಕಲಿಯಬೇಕು, ತಾಯ್ನುಡಿ ಬಿಡಬೇಕು. 1736ರಲ್ಲಿ ಇಂಕ್ವಿಜಿಷನ್ನಿನವರು ಕ್ರೈಸ್ತರ ಮದುವೆಮನೆಯಲ್ಲಿ ಓವಿ ಹಾಡಬಾರದು, ಮನೆಯಲ್ಲಿ ತುಳಸಿ ಇಡಬಾರದು ಅಂತ ಪಟ್ಟಿ ಮಾಡಿದರು. ಯಾವ ದಾಟಿಯಲ್ಲಿ ಕ್ರಿಸ್ತನ ಕಥೆ ಇಗರ್ಜಿಯಲ್ಲಿ ಓದತಿದ್ದರೋ ಅದೇ ದಾಟಿ ಮದುವೆಮನೆಯಲ್ಲಿ ಅಪರಾಧವಾಯಿತು. ಆದರೂ ಇವತ್ತು ನಮ್ಮಲ್ಲಿ ಮದುವೆಯ ಮುಂಚೆ ರೋಸ್ ಶಾಸ್ತ್ರದಲ್ಲಿ, ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವಾಗ, ಮುದುಕಿಯರು ಓವಿ ಎತ್ತತಾರ. ಆ ಇಂಕ್ವಿಜಿಷನ್ 1812ರಲ್ಲಿ ಮುಚ್ಚಿಹೋಯಿತು, ಓವಿ ಹೋಗಲಿಲ್ಲ. ಹೆಣ್ಮಕ್ಕಳ ಬಾಯಿಯೇ ಅದನ್ನು ಕಾಯ್ದದ್ದು.

ಹಳೇ ಕಥೆ ಈಗ್ಯಾಕೆ ಅಂತ ನೀವು ಕೇಳಬಹುದು. ಗೋವೆಯಲ್ಲಿ 1987ರ ಕಾಯಿದೆಯಿಂದ ಕೊಂಕಣಿ ರಾಜಭಾಷೆಯಾಯಿತು, ದೇವನಾಗರಿ ಅಕ್ಷರದಲ್ಲಿ. ಇಗರ್ಜಿಯಲ್ಲಿ ಜನ ಓದೋ ರೋಮಿ ಅಕ್ಷರಕ್ಕೆ ಜಾಗ ಸಿಗಲಿಲ್ಲ ಅಂತ ಜಗಳ ಇನ್ನೂ ನಡೆದದ. ಕರ್ನಾಟಕದ ನಾವು ಅದೇ ಕೊಂಕಣಿಯನ್ನು ಕನ್ನಡ ಅಕ್ಷರದಲ್ಲಿ ಬರೀತೀವಿ. ಅಕ್ಷರ ಯಾವುದೇ ಇರಲಿ, ಯಾವುದು ಯಾರದು ಅಂತ ಗೆರೆ ಎಳೆಯೋದು ಮಾತ್ರ ನಿಂತಿಲ್ಲ.

ನನಗೇ ಆದದ್ದು ಹೇಳತೀನಿ. ಒಂದು ಜಾತ್ರೆಯಲ್ಲಿ ಏಕತಾರಿ ಹಿಡಿದು ಶಿಶುನಾಳ ಶರೀಫರ ಪದ ಎತ್ತಿದೆ. ಒಬ್ಬರು ಎದ್ದು, "ನೀ ಕಿರಿಸ್ತಾಂವ, ಈ ಪದ ನಿನಗ್ಯಾಕಪಾ?" ಅಂದರು. ಶರೀಫರಿಗೆ ಗುರುವಾದವರು ಗೋವಿಂದಭಟ್ಟರು ಅನ್ನೋದನ್ನು ಆ ಮಹರಾಯ ಮರೆತಿದ್ದ. ಮುಂದಿನ ವಾರ ನಮ್ಮವರೇ ಒಬ್ಬರು, "ಜಾತ್ರ್ಯಾಗ ಹಾಡಿದ ಬಾಯಿಂದ ಪೂಜ್ಯಾಗ ಹಾಡಬ್ಯಾಡ" ಅಂದರು. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರ ಆಗೂದಿಲ್ಲ. ಆದರೆ ಇಬ್ಬರೂ ಓದಿದ್ದು ಅದೇ 1736ರ ಆಜ್ಞೆ. ನಾನು ಎರಡೂ ಕಡೆ ಹಾಡೋದು ಬಿಟ್ಟಿಲ್ಲ. ಕರೆಯೋರು ಮಾತ್ರ ಕಡಿಮೆಯಾಗಿದ್ದಾರ.

ಕ್ರಿಸ್ತಪುರಾಣದ ಬಗ್ಗೆ ನನ್ನ ತೀರ್ಪು ಇಷ್ಟು. ಯೇಸುಸ್ವಾಮಿಯ ಹುಟ್ಟು, ಕಷ್ಟ, ಸಾವಿನ ಭಾಗಗಳನ್ನು ಹಾಡಬೇಕು, ಅವು ಹಾಡಿಗೆ ಬರತಾವ. ಬೇರೆಯವರ ದೇವರನ್ನು ಹಳಿಯೋ ಭಾಗಗಳನ್ನು ಹರಿದು ಒಗೆಯೋದು ಬ್ಯಾಡ, ಓದಬೇಕು. ಭಕ್ತಿಗೆ ಅಧಿಕಾರದ ಚಾಟಿ ಸಿಕ್ಕರೆ ಏನಾಗತದ ಅಂತ ನಮ್ಮ ಮಕ್ಕಳು ತಿಳಿಯಲಿಕ್ಕೆ. ದೇವನಾಗರಿಯಲ್ಲಿ ಇದರ ಮುದ್ರಣ ಬಂದದ. ಮರಾಠಿ ಬಲ್ಲ ಮಾಸ್ತರರು ಯಾರಾದರೂ ಓದಿ ಅರ್ಥ ಹೇಳುವುದಾದರೆ, ವಾಚನಾಲಯದ ಕಟ್ಟೆಯ ಮೇಲೆ ಒಂದು ಸಂಜೆ ನಾನು ಹಾಡಲಿಕ್ಕೆ ತಯಾರಿದ್ದೀನಿ. ಬೀಸೋ ಪದ ಬರೋ ಮುದುಕಿಯರನ್ನೂ ಅವತ್ತು ಕರೀರಿ. ದಾಟಿ ತಪ್ಪಿದರೆ ತಿದ್ದೋರು ಅವರೇ.