ಬಾಟಲಿಯ ಹಿಂಬದಿ ಓದೋಣ ಬನ್ನಿ

ವಿಮರ್ಶೆ ಅಂದ್ರೆ ಕಾದಂಬರಿಯದ್ದೋ ಸಿನಿಮಾದ್ದೋ ಆಗಿರಬೇಕು ಅಂತೇನಿಲ್ಲ. ನಮ್ಮ ಓರಗೆಯವರು ಬೆಳಗಾಗೆದ್ದು ತಪ್ಪದೇ ಕೈಗೆತ್ತಿಕೊಳ್ಳುವ ಪಠ್ಯ ಒಂದಿದೆ, ಶಾಂಪೂ ಬಾಟಲಿ. ಅದಕ್ಕೆ ಇಬ್ಬರು ಲೇಖಕರು. ಮುಂಭಾಗ ಬರೆದದ್ದು ಮಾರ್ಕೆಟಿಂಗಿನವರು, ಹಿಂಭಾಗ ಬರೆದದ್ದು ಕೆಮಿಸ್ಟು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿದ ಹಾಗೆ ಕಾಣಲ್ಲ. ಮುಂದೆ ದಪ್ಪಕ್ಷರದಲ್ಲಿ 'ಸಲ್ಫೇಟ್ ಇಲ್ಲ', 'ತೆಂಗಿನಿಂದ ಬಂದದ್ದು', 'ಕೆಮಿಕಲ್ ಇಲ್ಲ'. ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಇಪ್ಪತ್ತು ಕೆಮಿಕಲ್ಲುಗಳ ಹೆಸರು.

'ಕೆಮಿಕಲ್ ಇಲ್ಲ' ಅನ್ನೋದನ್ನ ಬಿಟ್ಟುಬಿಡೋಣ. ನೀರೂ ಕೆಮಿಕಲ್ಲೇ. ಉಳಿದ ಎರಡು ಮಾತು ಸ್ವಲ್ಪ ಗಟ್ಟಿ ಸುಳ್ಳು, ಅಂದ್ರೆ ಅರ್ಧ ನಿಜ.

ಕೊಳೆ ತೆಗೆಯುವ ಕೆಲಸ ಮಾಡೋದು ಸರ್ಫ್ಯಾಕ್ಟೆಂಟ್ ಅನ್ನೋ ಜಾತಿಯ ಅಣು. ಅದರ ತಲೆಗೆ ನೀರು ಇಷ್ಟ, ಬಾಲಕ್ಕೆ ಎಣ್ಣೆ ಇಷ್ಟ. ಬಾಲಗಳು ಜಿಡ್ಡಿಗೆ ಕಚ್ಚಿಕೊಳ್ಳುತ್ತವೆ, ತಲೆಗಳು ಹೊರಗಿದ್ದು ನೀರಿನ ಜೊತೆ ಹೊರಡುತ್ತವೆ, ಜಿಡ್ಡೂ ಹೊರಡುತ್ತದೆ. ಸೋಪು, ಶಾಂಪೂ, ಸರ್ಫ್ ಪುಡಿ, ಪಾತ್ರೆ ತೊಳೆಯೋ ಬಾರು ಎಲ್ಲದರಲ್ಲೂ ಇದೇ ಕಥೆ. ಅಜ್ಜಿ ಕಾಲದ ಸೀಗೆಕಾಯಿ, ಅಂಟುವಾಳದಲ್ಲೂ ಇದೇ. ಅವುಗಳಲ್ಲಿರುವ ಸ್ಯಾಪೊನಿನ್ ಕೂಡ ಸರ್ಫ್ಯಾಕ್ಟೆಂಟೇ. ಸಹಜವಾದದ್ದೆಲ್ಲ ಮೃದು ಅನ್ನುವವರು ಎಣ್ಣೆಸ್ನಾನದ ದಿನ ಕಣ್ಣಿಗೆ ಸೀಗೆಪುಡಿ ಬಿದ್ದವರನ್ನ ಒಮ್ಮೆ ಕೇಳಬೇಕು.

ಈಗ 'ತೆಂಗಿನಿಂದ' ಅನ್ನೋ ಮಾತು. ನಾನು ತಿಪಟೂರು ಕಡೆಯವನು, ಕೊಬ್ಬರಿ ಅಂದ್ರೆ ನಮಗೆ ವರ್ಷದ ಲೆಕ್ಕಾಚಾರ. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಲಾರಿಕ್ ಆಮ್ಲ, 12 ಕಾರ್ಬನ್ನುಗಳ ಸರಪಳಿ. ಅದನ್ನು ಲಾರಿಲ್ ಆಲ್ಕೊಹಾಲ್ ಮಾಡಿ, ಸಲ್ಫೇಟಿನ ತಲೆ ಕೂಡಿಸಿ, ಕಾಸ್ಟಿಕ್ ಸೋಡಾದಿಂದ ತಟಸ್ಥ ಮಾಡಿದ್ರೆ ಸಿಗೋದು ಸೋಡಿಯಂ ಲಾರಿಲ್ ಸಲ್ಫೇಟ್. ಅಂದ್ರೆ ಎಲ್ಲರೂ ಬೈಯೋ ಎಸ್‌ಎಲ್‌ಎಸ್! ಅದೂ ತೆಂಗಿನ ಮಗುವೇ. ತಾಳೆಬೀಜದ ಎಣ್ಣೆಯಿಂದಲೂ ಮಾಡುತ್ತಾರೆ, ಪೆಟ್ರೋಲಿಯಮ್ಮಿನಿಂದಲೂ ಮಾಡುತ್ತಾರೆ. ಅಣು ಒಂದೇ, ತವರು ಬೇರೆ. ಹಾಗಾಗಿ 'ತೆಂಗಿನಿಂದ' ಅನ್ನೋದು ಬಾಲದ ವಿಳಾಸ ಅಷ್ಟೇ, ಸ್ವಭಾವ ತಿಳಿಸಲ್ಲ. ತೆಂಗಿನಿಂದಲೇ ಬರುವ, ಮೃದು ಅಂತ ಹೆಸರಾದ ಕೊಕಮಿಡೊಪ್ರೊಪಿಲ್ ಬೀಟೇನ್ ಇದೆಯಲ್ಲ, ಅದನ್ನು ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2004ರ 'ವರ್ಷದ ಅಲರ್ಜಿಕಾರಕ' ಅಂತ ಆರಿಸಿತ್ತು.

'ಸಲ್ಫೇಟ್ ಇಲ್ಲ' ಇನ್ನೂ ಮಜವಾಗಿದೆ. ಬಾಟಲಿ ತಿರುಗಿಸಿ ನೋಡಿ, ಎಷ್ಟೋ ಸಲ 'ಸೋಡಿಯಂ ಸಿ14-16 ಓಲಿಫಿನ್ ಸಲ್ಫೋನೇಟ್' ಅಂತ ಸಿಗುತ್ತೆ. ಸಲ್ಫೇಟ್ ಅಲ್ಲ, ಸಲ್ಫೋನೇಟ್. ಮುಂಭಾಗದ ಲೇಖಕರು ಸುಳ್ಳು ಹೇಳಿಲ್ಲ, ಕಾನೂನಿನ ಪ್ರಕಾರ ಗೆದ್ದರು. ಆದರೆ ಜಿಡ್ಡು ಕೀಳೋದರಲ್ಲಿ ಅದೇನೂ ಪಾಪದ ಪ್ರಾಣಿ ಅಲ್ಲ. ಅಷ್ಟಕ್ಕೂ ಮೈಗೆ ಹಚ್ಚೋ ಮಾಮೂಲಿ ಸೋಪಲ್ಲಿ ಯಾವತ್ತೂ ಸಲ್ಫೇಟಿನ ಸರ್ಫ್ಯಾಕ್ಟೆಂಟ್ ಇರಲಿಲ್ಲ. ಅದರ ಪಿಎಚ್ ಮಾತ್ರ 9ರಿಂದ 10, ನಮ್ಮ ಚರ್ಮದ್ದು 5ರ ಆಸುಪಾಸು. ಬೋರ್‌ವೆಲ್ಲಿನ ಗಡಸು ನೀರಲ್ಲಿ ಅದು ಕ್ಯಾಲ್ಸಿಯಂ ಜೊತೆ ಸೇರಿ ಬಕೆಟ್ಟಿನ ಅಂಚಿಗೆ ಬೂದುಬಣ್ಣದ ಪೊರೆ ಕಟ್ಟುತ್ತೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇರೋರಿಗೆ ಇದನ್ನ ವಿವರಿಸಬೇಕಿಲ್ಲ.

ಹಾಗಂತ ಎಸ್‌ಎಲ್‌ಎಸ್ ಪರ ವಕಾಲತ್ತು ಮಾಡ್ತಿಲ್ಲ. ಚರ್ಮದ ಡಾಕ್ಟರುಗಳ ಪ್ರಯೋಗಗಳಲ್ಲಿ 'ಇದು ಖಂಡಿತ ಉರಿಸುತ್ತೆ' ಅಂತ ಹೋಲಿಕೆಗೆ ಇಟ್ಟುಕೊಳ್ಳೋದೇ ಅದನ್ನ. ನನ್ನ ತಕರಾರು ಹೆಸರು ನೋಡಿ ತೀರ್ಪು ಕೊಡೋದರ ಬಗ್ಗೆ. ನೀರಲ್ಲಿ ಒಂದು ಮಿತಿ ದಾಟಿದ ಮೇಲೆ ಈ ಅಣುಗಳು ಬಾಲ ಒಳಗೆ ಮಾಡಿ ಉಂಡೆ ಕಟ್ಟಿಕೊಳ್ಳುತ್ತವೆ, ಅದಕ್ಕೆ ಮೈಸೆಲ್ ಅಂತಾರೆ. ಚರ್ಮದೊಳಕ್ಕೆ ಸುಲಭವಾಗಿ ನುಗ್ಗೋದು ಒಂಟಿಯಾಗಿ ಅಲೆಯುವ ಅಣುಗಳು. ಎಸ್‌ಎಲ್‌ಎಸ್ ಒಂದನ್ನೇ ಹಾಕಿದಾಗ ಇಂಥ ಒಂಟಿಗಳು ಜಾಸ್ತಿ. ಜೊತೆಗೆ ಬೀಟೇನ್ ಸೇರಿಸಿದ್ರೆ ಉಂಡೆ ಬೇಗ ಕಟ್ಟುತ್ತೆ, ಒಂಟಿಗಳು ಕಡಿಮೆಯಾಗುತ್ತವೆ, ಉರಿಯೂ ಇಳಿಯುತ್ತೆ. ಒಂದೇ ಹೆಸರು ಎರಡು ಬಾಟಲಿಯಲ್ಲಿ ಎರಡು ಥರ ನಡ್ಕೊಳ್ಳುತ್ತೆ. ಡಿಪೆಂಡೆನ್ಸಿ ಲಿಸ್ಟ್ ನೋಡಿ ಕೋಡ್ ಹೇಗಿದೆ ಅಂತ ಹೇಳೋಕಾಗಲ್ಲವಲ್ಲ, ಹಾಗೆ. ಓಡಿಸಿ ನೋಡಬೇಕು.

ಓಡಿಸಿ ನೋಡೋದು ಹೇಗೆ? ಈ ಲೋಕದ ಅಸಲಿ ಸಾಹಿತ್ಯ ಇರೋದೇ ಇಲ್ಲಿ. ಎಲ್ಲಕ್ಕಿಂತ ಪ್ರಸಿದ್ಧ ಪರೀಕ್ಷೆ ನೊರೆಯದ್ದು. 1941ರ ರಾಸ್-ಮೈಲ್ಸ್ ವಿಧಾನದಲ್ಲಿ 90 ಸೆಂಟಿಮೀಟರ್ ಮೇಲಿಂದ ದ್ರಾವಣ ಸುರಿದು, ನೊರೆ ಎಷ್ಟೆತ್ತರ ಬಂತು, ಐದು ನಿಮಿಷದ ಮೇಲೆ ಎಷ್ಟುಳಿಯಿತು ಅಂತ ಅಳೀತಾರೆ. ನೊರೆಗೂ ಶುಚಿಗೂ ನೇರ ಸಂಬಂಧ ಇಲ್ಲ. ವಾಷಿಂಗ್ ಮೆಷಿನ್ನಿನ ಪುಡಿಗೆ ನೊರೆ ಅಡಗಿಸೋ ಪದಾರ್ಥವನ್ನ ಬೇಕಂತಲೇ ಹಾಕ್ತಾರೆ. ಆದ್ರೂ ನೊರೆ ಬರದಿದ್ರೆ ನಮಗೆ ಸ್ನಾನ ಆದಂಗೆ ಅನ್ಸಲ್ಲ. ಅದಕ್ಕೇ ಕಂಪನಿಯವರು ನೊರೆಗೆ ಅಂತಲೇ ಪ್ರತ್ಯೇಕ ಸಾಮಾನು ಸುರೀತಾರೆ.

ಇನ್ನೊಂದು ನನಗೆ ಬಹಳ ಇಷ್ಟ, ಜೀನ್ ಪರೀಕ್ಷೆ. ಜೀನ್ ಅಂದ್ರೆ ಮುಸುಕಿನ ಜೋಳದ ಪ್ರೋಟೀನು, ಬರೀ ನೀರಲ್ಲಿ ಕರಗಲ್ಲ. ಸರ್ಫ್ಯಾಕ್ಟೆಂಟ್ ಹಾಕಿದ ನೀರಲ್ಲಿ ಅದು ಎಷ್ಟು ಜಾಸ್ತಿ ಕರಗುತ್ತೋ, ನಮ್ಮ ಚರ್ಮದ ಪ್ರೋಟೀನಿಗೂ ಅಷ್ಟೇ ಕಾಟ ಅಂತ ಅಂದಾಜು. ಯಾರಿಗೂ ನೋವಿಲ್ಲ, ಹೊಲದಲ್ಲಿ ಬೆಳೆಯೋ ವಸ್ತುವಿನ ಮೇಲೆ ಪರೀಕ್ಷೆ.

ಎಲ್ಲ ಪರೀಕ್ಷೆಗಳೂ ಇಷ್ಟು ಸಾಧು ಅಲ್ಲ. ಮೊಲದ ಕಣ್ಣಿಗೆ ಹನಿ ಬಿಟ್ಟು ನೋಡುವ ಡ್ರೇಜ್ ಪರೀಕ್ಷೆ 1944ರದ್ದು. ಭಾರತದಲ್ಲಿ ಸೌಂದರ್ಯವರ್ಧಕಗಳನ್ನ ಪ್ರಾಣಿಗಳ ಮೇಲೆ ಪರೀಕ್ಷಿಸೋದು ನಿಂತದ್ದು 2014ರಲ್ಲಿ. ಮನುಷ್ಯರ ಮುಂಗೈ ಮೇಲೆ ಐದು ದಿನ ಸೋಪಿನ ದ್ರಾವಣ ಕಟ್ಟಿ ನೋಡುವ 'ಸೋಪ್ ಚೇಂಬರ್' ಪರೀಕ್ಷೆಯನ್ನ 1979ರಲ್ಲಿ ಪ್ರಕಟಿಸಿದವರು ಫ್ರಾಶ್ ಮತ್ತು ಆಲ್ಬರ್ಟ್ ಕ್ಲಿಗ್ಮನ್. ಈ ಕ್ಲಿಗ್ಮನ್ ಅದಕ್ಕೂ ಮುಂಚೆ, 1974ರವರೆಗೆ ಸುಮಾರು ಎರಡು ದಶಕ, ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಮೇಲೆ ಚರ್ಮದ ಪ್ರಯೋಗ ನಡೆಸಿದವರು. ಆ ಕೈದಿಗಳಲ್ಲಿ ಬಹುಪಾಲು ಕಪ್ಪು ಜನ. ಕೆನ್ನೆಗೆ ಹಚ್ಚೋ ಕ್ರೀಮಿನ ವಿಜ್ಞಾನದ ಒಂದಷ್ಟು ಪುಟಗಳು ಅವರ ಬೆನ್ನಿನ ಮೇಲೆ ಬರೆದದ್ದು.

ಯಾರ ಚರ್ಮ ಅನ್ನೋ ಈ ಪ್ರಶ್ನೆ ಹಳೇದಾಯ್ತು ಅಂತ ನನಗೆ ಅನ್ನಿಸಿಲ್ಲ. ನಮ್ಮ ಬಾತ್‌ರೂಮಿನಿಂದ ಅಡುಗೆಮನೆ ಸಿಂಕಿಗೆ ಹತ್ತು ಹೆಜ್ಜೆ. ಬಾತ್‌ರೂಮಿನಲ್ಲಿ ಐನೂರು ರೂಪಾಯಿಯ ಫೇಸ್‌ವಾಷ್, ಚರ್ಮತಜ್ಞರು ಪರೀಕ್ಷಿಸಿದ್ದು, ಮುಖದ ಮೇಲೆ ಇರೋದು ಅರ್ಧ ನಿಮಿಷ. ಸಿಂಕಿನ ಪಕ್ಕ ಹತ್ತು ರೂಪಾಯಿಯ ಬಾರು. ಅಂಥ ಬಾರಿನಲ್ಲಿ ಸಾಮಾನ್ಯವಾಗಿ ಇರೋದು ಲೀನಿಯರ್ ಆಲ್ಕಿಲ್‌ಬೆಂಜೀನ್ ಸಲ್ಫೋನೇಟ್, ವಾಷಿಂಗ್ ಸೋಡಾ, ಕಲ್ಲುಪುಡಿ. ಕೆಲಸಕ್ಕೆ ಬರೋ ಅಕ್ಕ ದಿನಕ್ಕೆ ನಾಲ್ಕೈದು ಮನೆಯಲ್ಲಿ ಅದರಲ್ಲಿ ಕೈ ಅದ್ದುತ್ತಾರೆ. ಅವರ ಬೆರಳ ಸಂದು ಬಿಳಿಚಿಕೊಂಡು ಒಡೆದಿರೋದನ್ನ ನೋಡಿರ್ತೀರಿ. 'ಸೋಪು ಕೈ ತಿನ್ನುತ್ತೆ' ಅಂತ ಅವರು ಹೇಳೋದು ರೂಪಕ ಅಲ್ಲ ಸ್ವಾಮಿ, ಜೀನ್ ಪರೀಕ್ಷೆಯ ಫಲಿತಾಂಶ. ನಮ್ಮಲ್ಲಿ ಫೇಸ್‌ವಾಷಿಗೆ ಪದಾರ್ಥಪಟ್ಟಿ ಹಾಕಲೇಬೇಕು ಅಂತ ಕಾನೂನಿದೆ. ಪಾತ್ರೆ ತೊಳೆಯೋ ಬಾರು ಸೌಂದರ್ಯವರ್ಧಕ ಅಲ್ಲ, ಆ ಕಾನೂನು ಅದನ್ನ ಮುಟ್ಟಲ್ಲ. ವಿಮರ್ಶೆ ಮಾಡೋಣ ಅಂದ್ರೆ ಅದಕ್ಕೆ ಹಿಂಬದಿಯೇ ಇಲ್ಲ.

ಹೊಸ ಅಣುಗಳು ಬರ್ತಿಲ್ಲ ಅಂತಲ್ಲ. ಗ್ಲೂಕೋಸಿನ ತಲೆಯ ಆಲ್ಕಿಲ್ ಪಾಲಿಗ್ಲೂಕೋಸೈಡ್‌ಗಳು ಬಂದು ಎಷ್ಟೋ ವರ್ಷ ಆಯ್ತು. ಈಗ ಬ್ಯಾಕ್ಟೀರಿಯಾಗಳೇ ಹುದುಗಿಸಿ ಕೊಡುವ ರ್‍ಯಾಮ್ನೋಲಿಪಿಡ್‌ಗಳ ಸರದಿ. ಎವೊನಿಕ್ ಕಂಪನಿ ಸ್ಲೊವಾಕಿಯಾದಲ್ಲಿ 2024ರಲ್ಲಿ ಅದಕ್ಕೇ ಕಾರ್ಖಾನೆ ತೆರೆಯಿತು. ಖುಷಿ ಕೊಟ್ಟ ವಿಷಯ ಅಂದ್ರೆ, ಯೂನಿಲೀವರ್ ಅದನ್ನ ಮೊದಲು ಹಾಕಿ ನೋಡಿದ್ದು ಯಾರದ್ದೋ ಕೆನ್ನೆಗಲ್ಲ, ಚಿಲಿ ದೇಶದಲ್ಲಿ ಪಾತ್ರೆ ತೊಳೆಯೋ ದ್ರವಕ್ಕೆ. ನೊರೆಯೂ ಬರುತ್ತೆ, ಕೈಗೂ ಮೃದು ಅನ್ನೋದು ಅವರ ವಾದ.

ನಮ್ಮ ಅಂಗಡಿಗಳಿಗೆ ಅಂಥದ್ದು ಬಂದಾಗ ಬೆಲೆ ನೋಡಬೇಕು. ಮನೆಯವರೇ ಪಾತ್ರೆ ತೊಳೆಯೋ ಭಾನುವಾರಕ್ಕೆ ಆ ಬಾಟಲಿ, ಉಳಿದ ಆರು ದಿನಕ್ಕೆ ಅದೇ ಹತ್ತು ರೂಪಾಯಿ ಬಾರು ಅಂತ ಎಷ್ಟು ಮನೆಗಳಲ್ಲಿ ಆಗುತ್ತೋ ಲೆಕ್ಕ ಹಾಕ್ತಾ ಇದ್ದೀನಿ. ಅಲ್ಲೀವರೆಗೆ ಒಂದು ಜೊತೆ ರಬ್ಬರ್ ಗ್ಲೌಸು, ಒಂದು ಡಬ್ಬಿ ವ್ಯಾಸಲೀನು ಸಿಂಕಿನ ಮೇಲಿನ ಶೆಲ್ಫಿನಲ್ಲಿ ಇಟ್ಟರೆ, ಎರಡೂ ಸೇರಿ ಫೇಸ್‌ವಾಷಿನ ಅರ್ಧ ಬೆಲೆಯೂ ಆಗಲ್ಲ.