ಬೈರಾಪುರದ ಗಣಿಗೆ ಈ ಕ್ಯಾಮೆರಾ ಏಕೆ ಬೇಕು

ದೊಡ್ಡಗದ್ದವಳ್ಳಿಯಲ್ಲಿರುವ ಹೊಯ್ಸಳರ ಕಾಲದ ಲಕ್ಷ್ಮೀದೇವಿ ದೇವಾಲಯ ಬಳಪದ ಕಲ್ಲಿನದು. ಆ ಕಲ್ಲಿನ ಖನಿಜಗಳಲ್ಲಿ ಟಾಲ್ಕ್ ಎಷ್ಟು, ಕ್ಲೋರೈಟ್ ಎಷ್ಟು ಎಂದು ಬರಿಗಣ್ಣಿಗೆ ತಿಳಿಯದು. ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾಕ್ಕೆ ತಿಳಿಯುತ್ತದೆ. ಕಲ್ಲಿನಿಂದ ಮರಳುವ ಬೆಳಕನ್ನು ಅದು ನೂರಾರು ಕಿರುಪಟ್ಟಿಗಳಾಗಿ ಬಿಡಿಸಿ ಅಳೆಯುತ್ತದೆ. ಟಾಲ್ಕ್ 2310 ನ್ಯಾನೊಮೀಟರ್ ಆಸುಪಾಸಿನ ಅತಿಗೆಂಪು ಬೆಳಕನ್ನು ಹೀರುತ್ತದೆ, ಕ್ಲೋರೈಟ್ 2250ರ ಬಳಿಯೂ ಗುರುತು ಬಿಡುತ್ತದೆ.

ಇಸ್ರೋ ಮತ್ತು ನಾಸಾ 2015–16ರಲ್ಲಿ ಇಂಥ ಉಪಕರಣವನ್ನು ವಿಮಾನದಲ್ಲಿಟ್ಟು ದೇಶದ ಹಲವೆಡೆ ಹಾರಿಸಿದವು. 2018ರ ನವೆಂಬರ್‌ನಲ್ಲಿ ನಮ್ಮದೇ ಹೈಸಿಸ್ ಉಪಗ್ರಹ ಮೇಲೇರಿತು. ಆದರೆ ಮೇಲಿನಿಂದ ಕಾಣುವುದು ನೆಲದ ತೊಗಲು ಮಾತ್ರ. ಗಣಿಯೊಳಗಿನ ಬಂಡೆ ಬೇಕೆಂದರೆ ಕ್ಯಾಮೆರಾವನ್ನೇ ಸುರಂಗಕ್ಕೆ ಇಳಿಸಬೇಕು.

ಅಲ್ಲಿಂದಲೇ ತೊಡಕು. ಚನ್ನರಾಯಪಟ್ಟಣ ತಾಲ್ಲೂಕಿನ ಬೈರಾಪುರದಲ್ಲಿ ಕ್ರೋಮಿಯಂ ಅದಿರಾದ ಕ್ರೋಮೈಟ್‌ಗಾಗಿ ನೆಲದಡಿ ಗಣಿ ತೋಡಿದ್ದಾರೆ. ನುಗ್ಗೇಹಳ್ಳಿ ಶಿಲಾಪಟ್ಟಿಯ ಆ ಬಂಡೆಗಳು 300 ಕೋಟಿ ವರ್ಷಕ್ಕೂ ಹಳೆಯವು. ಅದಿರು ಉದ್ದಕ್ಕೂ ಒಂದೇ ಸಮನೆ ಹರಿಯದೆ, ಸರ್ಪೆಂಟೈನ್ ಕಲ್ಲಿನ ನಡುವೆ ತುಂಡುತುಂಡಾಗಿ ಸಿಗುತ್ತದೆ. ಕ್ರೋಮೈಟ್ ಕಡುಗಪ್ಪು. ಬೆಳಕನ್ನು ಬಹುತೇಕ ನುಂಗಿಬಿಡುವ ಅದು, ಟಾಲ್ಕ್‌ನಂತೆ ಚೂಪಾದ ಗುರುತನ್ನು ತೋರಿಸುವುದಿಲ್ಲ. ರಾಯಚೂರಿನ ಹಟ್ಟಿ ಚಿನ್ನದ ಗಣಿಯಲ್ಲೂ ಕ್ಯಾಮೆರಾ ಚಿನ್ನವನ್ನು ಕಾಣಲಾರದು. ಚಿನ್ನದ ಸುತ್ತ ಮಾರ್ಪಟ್ಟ ಅಭ್ರಕ, ಕ್ಲೋರೈಟ್, ಕಾರ್ಬೊನೇಟ್‌ಗಳನ್ನಷ್ಟೇ ತೋರಿಸೀತು. ಹಾಗಾಗಿ ‘ಅದಿರು ಹುಡುಕುವ ಯಂತ್ರ’ ಎಂದು ಇದನ್ನು ಹೊಗಳುವುದನ್ನು ನಾನು ಒಪ್ಪಲಾರೆ.

ಸುರಂಗದ ಕಷ್ಟಗಳೂ ಸಣ್ಣವಲ್ಲ. ಎಲ್‌ಇಡಿ ತಲೆದೀಪದಲ್ಲಿ ಕ್ಯಾಮೆರಾಕ್ಕೆ ಬೇಕಾದ ಅತಿಗೆಂಪು ಬೆಳಕಿಲ್ಲ, ಹ್ಯಾಲೊಜೆನ್ ದೀಪ ಹೊತ್ತೊಯ್ಯಬೇಕು. ಗೋಡೆಗೆ ದೂಳು ಕೂತಿದ್ದರೆ ಕ್ಯಾಮೆರಾ ದೂಳನ್ನೇ ಓದುತ್ತದೆ. ತೊಳೆದರೆ ಒದ್ದೆ: ನೀರು 1400 ಮತ್ತು 1900 ನ್ಯಾನೊಮೀಟರ್ ಬಳಿಯ ಗುರುತುಗಳನ್ನು ಮುಚ್ಚಿಹಾಕುತ್ತದೆ.

ಆದರೂ ನನಗೆ ಈ ಕ್ಯಾಮೆರಾ ಬೇಕು. ಕಾರಣ ಅದಿರಲ್ಲ, ಟಾಲ್ಕ್. ಹೊಯ್ಸಳ ಶಿಲ್ಪಿಯ ಉಳಿಗೆ ಒಲಿದ ಮೆತ್ತನೆಯ ಗುಣವೇ ಗಣಿ ಕೆಲಸಗಾರನ ತಲೆಯ ಮೇಲೆ ಅಪಾಯ. ಸರ್ಪೆಂಟೈನ್ ನಜ್ಜುಗುಜ್ಜಾಗಿ ಟಾಲ್ಕ್ ಆದ ಕಡೆ ಬಂಡೆ ಜಾರುತ್ತದೆ, ಸುರಂಗದ ಮಾಡು ಕಳಚುತ್ತದೆ. ಆ ಟಾಲ್ಕ್ ಪಟ್ಟಿಗಳನ್ನು ನಕ್ಷೆಯಲ್ಲಿ ಗುರುತಿಸಲು ಇದಕ್ಕೆ ಸರಿಗಟ್ಟುವ ಸಾಧನ ಕಡಿಮೆ. ಭೂವಿಜ್ಞಾನಿ ಸುತ್ತಿಗೆಯಿಂದ ಬಡಿದು ಪರೀಕ್ಷಿಸುವುದು ನಿಲ್ಲಬಾರದು. ಎಲ್ಲಿ ಬಡಿಯಬೇಕೆಂದು ಕ್ಯಾಮೆರಾ ತೋರಿಸಲಿ.

ಮೊದಲ ಹೆಜ್ಜೆಗೆ ಸುರಂಗವೂ ಬೇಡ. ಕೊರೆದು ತೆಗೆದ ಕಲ್ಲಿನ ಕೋರ್‌ಗಳನ್ನು ಒಣಗಿಸಿ, ಒರೆಸಿ, ಒಳ್ಳೆಯ ದೀಪದಡಿ ಸ್ಕ್ಯಾನ್ ಮಾಡಬಹುದು. ಆಸ್ಟ್ರೇಲಿಯಾದಲ್ಲಿ ಈ ಕೆಲಸ ವರ್ಷಗಳಿಂದ ನಡೆದಿದೆ. ರಾಜ್ಯದ ಗಣಿ ಸಂಸ್ಥೆಗಳು ತಮ್ಮಲ್ಲಿ ಉಳಿದಿರುವ ಕೋರ್‌ಗಳಿಂದಲೇ ಶುರುಮಾಡಲಿ. ಬಂದ ನಕ್ಷೆಯ ಪ್ರತಿ ಮೊದಲು ಗಣಿಯ ಸುರಕ್ಷತಾ ಅಧಿಕಾರಿಯ ಮೇಜಿಗೆ ತಲುಪಲಿ.